ಬಂಡೆಯ ದಡದಲ್ಲಿ ರಾತ್ರಿ ದೋಣಿ ಎಲ್ಲಿರಬೇಕು? ಐದು ವಿಧಾನಗಳ ಹೋಲಿಕೆ

ದೋಣಿಯಲ್ಲಿ ಹೋಗಿ ದಡದಲ್ಲಿ ಬಿಡಾರ ಹೂಡುವವರು ಮೊದಲು ಹುಡುಕುವುದು ಡೇರೆಗೆ ಸಮತಟ್ಟಾದ ಜಾಗವನ್ನು. ನನ್ನ ಕ್ರಮ ಇದಕ್ಕೆ ತಿರುವುಮುರುವು: ಮೊದಲು ದೋಣಿಗೆ ಜಾಗ, ಆಮೇಲೆ ಡೇರೆಗೆ. ಡೇರೆಯಡಿಯಲ್ಲಿ ಕಲ್ಲು ಚುಚ್ಚಿದರೆ ಒಂದು ರಾತ್ರಿಯ ನಿದ್ದೆ ಕೆಡುತ್ತದೆ. ದೋಣಿಯಡಿಯಲ್ಲಿ ಕಲ್ಲು ಚುಚ್ಚಿದರೆ ಹಿಂದಿರುಗುವ ದಾರಿಯೇ ಮುಚ್ಚಿಹೋಗುತ್ತದೆ.

ನಾನು ಇದನ್ನು ಕಲಿತದ್ದು ನೀರಿನ ಮೇಲೆ ಒಂದು ಸುಕ್ಕೂ ಇಲ್ಲದ ಸಂಜೆಯೊಂದರಲ್ಲಿ. ಬಂಡೆ ಗೋಡೆಯ ಹಾಗೆ ನೇರವಾಗಿ ನೀರಿಗಿಳಿದಿತ್ತು. ಅದರ ಮಗ್ಗುಲಿಗೆ ದೋಣಿಯನ್ನು ತಂದು, ನಡುವೆ ಬಡಿತ ತಡೆಯುವ ದಿಂಬುಗಳಂಥ, ಗಾಳಿ ತುಂಬಿದ ಎರಡು ಫೆಂಡರ್‌ಗಳನ್ನು ಇಳಿಬಿಟ್ಟು, ಮುಂದೊಂದು ಹಿಂದೊಂದು ಹಗ್ಗ ಕಟ್ಟಿ ಮಲಗಿದೆ. ನಡುರಾತ್ರಿ ಕಳೆದ ಮೇಲೆ ಟಕ್, ಟಕ್ ಎಂಬ ಸದ್ದಿಗೆ ಎಚ್ಚರವಾಯಿತು. ಗಾಳಿ ತಿರುಗಿತ್ತು. ಅಲೆಗೆ ದೋಣಿ ಏರಿಳಿದಂತೆಲ್ಲ ಫೆಂಡರ್‌ಗಳು ಬಂಡೆಗೆ ಉಜ್ಜಿ ಹೊರಳಿ, ಕೊನೆಗೆ ದೋಣಿಯ ಅಂಚಿನ ಮೇಲೆ ಬಂದು ಕೂತಿದ್ದವು. ಬರಿಯ ಫೈಬರ್ ಬರಿಯ ಕಲ್ಲಿಗೆ ಬಡಿಯುತ್ತಿತ್ತು. ಬೆಳಗ್ಗೆ ನೋಡಿದರೆ ಒಂದು ಮೊಳದಷ್ಟು ಉದ್ದಕ್ಕೆ ಹೊಳಪಿನ ಪದರ ಕಿತ್ತುಹೋಗಿ ಒಳಗಿನ ನಾರು ಕಾಣುತ್ತಿತ್ತು. ಮೂರು ಎಳೆಯ ನೈಲಾನ್ ಹಗ್ಗದಲ್ಲಿ ಒಂದು ಎಳೆ ಬಂಡೆಯ ಅಂಚಿಗೆ ತಿಕ್ಕಿ ಪೂರ್ತಿ ಕಡಿದು, ತುದಿ ಹತ್ತಿಯ ಹಾಗೆ ಅರಳಿತ್ತು. ಉಳಿದ ಎರಡು ಎಳೆಗಳು ಇಡೀ ದೋಣಿಯನ್ನು ಹಿಡಿದುಕೊಂಡಿದ್ದವು.

ಅಂದಿನಿಂದ ನಾನು ಯಾವ ವಿಧಾನವನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ನಾನು ನಿದ್ದೆಯಲ್ಲಿರುವಾಗ ದೋಣಿ ಕಲ್ಲನ್ನು ಮುಟ್ಟುವ ಸಾಧ್ಯತೆ ಇದೆಯೇ? ದೋಣಿ ಪೂರ್ತಿಯಾಗಿ ನೆಲದ ಮೇಲಿರಬೇಕು, ಇಲ್ಲವೇ ಪೂರ್ತಿಯಾಗಿ ನೀರಿನಲ್ಲಿರಬೇಕು. ಮೂತಿ ಕಲ್ಲಿನ ಮೇಲೆ, ಹಿಂಬದಿ ನೀರಿನಲ್ಲಿ ಎಂಬ ಅರೆಬರೆ ಸ್ಥಿತಿ ಸಾಮಾನು ಇಳಿಸುವ ಹತ್ತು ನಿಮಿಷಕ್ಕೆ ಸರಿ, ರಾತ್ರಿಗೆ ಸಲ್ಲದು.

ಆಯ್ಕೆಗೆ ಮೊದಲು: ನೀರು, ಗಾಳಿ, ತಳ

ಸಮುದ್ರದ ದಡವಾದರೆ ಎಲ್ಲಕ್ಕಿಂತ ಮೊದಲು ಉಬ್ಬರ ಇಳಿತದ ಪಟ್ಟಿಯನ್ನು ನೋಡಿ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಸಂಜೆ ನೀವು ಬಂದಾಗ ನೀರು ಎಲ್ಲಿತ್ತೋ ರಾತ್ರಿ ಅದು ಅಲ್ಲಿರುವುದಿಲ್ಲ. ಏರುವ ವೇಗವೂ ಒಂದೇ ಸಮನಾಗಿರುವುದಿಲ್ಲ. ನಾವಿಕರು ಹನ್ನೆರಡರ ಲೆಕ್ಕ ಹಾಕುತ್ತಾರೆ: ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ ಮೊದಲ ಗಂಟೆಯಲ್ಲಿ, ಎರಡು ಭಾಗ ಎರಡನೆಯದರಲ್ಲಿ, ಮೂರು ಮೂರು ಭಾಗ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ, ಮತ್ತೆ ಎರಡು, ಕೊನೆಗೆ ಒಂದು. ನೀರು ಒಟ್ಟು 3 ಮೀಟರ್ ಏರುವ ಜಾಗದಲ್ಲಿ ನಡುವಿನ ಎರಡೇ ಗಂಟೆಗಳಲ್ಲಿ ಒಂದೂವರೆ ಮೀಟರ್ ಏರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಇನ್ನೂ ಹೆಚ್ಚು. ಕೆನಡಾದ ಫಂಡಿ ಕೊಲ್ಲಿಯ ತುದಿಯಲ್ಲಿ ಉಬ್ಬರ ಇಳಿತಗಳ ಅಂತರ 16 ಮೀಟರ್ ಮುಟ್ಟುತ್ತದೆ. ಬಾಲ್ಟಿಕ್ ಸಮುದ್ರದಲ್ಲಿ ಹೆಚ್ಚುಕಡಿಮೆ ಉಬ್ಬರವೇ ಇಲ್ಲ. ಅಲ್ಲಿ ಸರಿಹೋದ ಕಟ್ಟು ಇಲ್ಲಿ ಸರಿಹೋಗದು ಎನ್ನುವುದಕ್ಕೆ ಇಷ್ಟು ಸಾಕು.

ಕೆರೆ ಸರೋವರಗಳಲ್ಲಿ ಉಬ್ಬರವಿಲ್ಲ ಎಂದು ನಿಶ್ಚಿಂತರಾಗಬೇಡಿ. ದೊಡ್ಡ ಸರೋವರದಲ್ಲಿ ಗಾಳಿ ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಬೀಸಿದರೆ ನೀರೇ ಆ ಕಡೆಗೆ ಒತ್ತರಿಸಿಕೊಂಡು ಹೋಗುತ್ತದೆ. ಉತ್ತರ ಅಮೆರಿಕದ ಈರಿ ಸರೋವರದಲ್ಲಿ ಬಿರುಗಾಳಿಯ ದಿನಗಳಲ್ಲಿ ಎರಡು ತುದಿಗಳ ನೀರಿನ ಮಟ್ಟದ ನಡುವೆ 2 ಮೀಟರ್‌ಗೂ ಮೀರಿದ ವ್ಯತ್ಯಾಸ ಬಂದದ್ದಿದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಬಾಗಿಲು ತೆರೆದರೆ ರಾತ್ರೋರಾತ್ರಿ ನೀರಿಳಿದು ದೋಣಿ ಕಲ್ಲುಗಳ ಮೇಲೆ ಕೂತುಬಿಡಬಹುದು.

ಗಾಳಿಯ ವಿಷಯದಲ್ಲಿ ಸಂಜೆಯ ಶಾಂತಿಯನ್ನು ನಂಬಬಾರದು. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ನೀರಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿದು ದಡದಿಂದ ನೀರಿನ ಕಡೆಗೆ ಬೀಸುತ್ತದೆ. ಬೆಟ್ಟಗಳ ನಡುವಿನ ಸರೋವರವಾದರೆ ತಂಪು ಗಾಳಿ ಕಣಿವೆಯುದ್ದಕ್ಕೂ ಜಾರಿಕೊಂಡು ಬರುತ್ತದೆ. ಸೂರ್ಯ ಮುಳುಗುವ ಹೊತ್ತಿಗೆ ಕಾಣುವ ನಿಶ್ಚಲತೆ ಈ ಎರಡರ ನಡುವಿನ ಬಿಡುವು ಅಷ್ಟೇ. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಳ ಮರಳೋ, ಕೆಸರೋ, ಬಂಡೆಯೋ ಎಂಬುದನ್ನು ಬೆಳಕಿರುವಾಗಲೇ ಕಣ್ಣಾರೆ ನೋಡಬೇಕು. ಇದಕ್ಕೆಂದೇ ಮಧ್ಯಾಹ್ನದ ಹೊತ್ತಿಗೆ ಜಾಗ ತಲುಪುವುದು ಒಳ್ಳೆಯದು. ಸೂರ್ಯ ಇಳಿದ ಮೇಲೆ ನೀರಿನ ಮೇಲ್ಮೈ ಆಕಾಶವನ್ನೇ ತೋರಿಸುತ್ತದೆ, ಕೆಳಗಿನ ಕಲ್ಲುಗಳನ್ನು ತೋರಿಸುವುದಿಲ್ಲ.

ದಡದ ಮೇಲಕ್ಕೆ ಎಳೆದಿಡುವುದು

ಹುಟ್ಟು ಹಾಕಿ ನಡೆಸುವ ಕಿರಿದಾದ ಹಗುರ ದೋಣಿಗಳಾದ ಕಯಾಕ್, ಕನೂ, ಸಣ್ಣ ರಬ್ಬರ್ ದೋಣಿ, ಇಬ್ಬರು ಎತ್ತಬಲ್ಲ ಅಲ್ಯೂಮಿನಿಯಂ ದೋಣಿ ಇವುಗಳಿಗೆ ಇದಕ್ಕಿಂತ ಭದ್ರವಾದ ದಾರಿ ಇಲ್ಲ. ಎತ್ತಲು ಸಾಧ್ಯವಿದ್ದರೆ ಬೇರೆ ಯೋಚನೆಯೇ ಬೇಡ. ಎಷ್ಟು ಮೇಲಕ್ಕೆ ಎಂಬುದನ್ನು ದಡವೇ ತಿಳಿಸುತ್ತದೆ: ಒಣಗಿದ ಪಾಚಿ, ಕಡ್ಡಿ, ತೇಲಿ ಬಂದ ಕಟ್ಟಿಗೆ ಸಾಲಾಗಿ ಬಿದ್ದಿರುವ ಗೆರೆ ಹಿಂದಿನ ದೊಡ್ಡ ನೀರು ಬಂದು ನಿಂತ ಜಾಗ. ದೋಣಿ ಅದಕ್ಕೂ ಮೇಲಿರಬೇಕು. ಇಂಥ ಗೆರೆಗಳು ಎರಡಿದ್ದರೆ ಮೇಲಿನದನ್ನೇ ನಂಬಿ.

ಎಳೆಯುವಾಗ ದೋಣಿಯ ಮೈ ಏನೆಂಬುದು ಮುಖ್ಯ. ಪಾಲಿಎಥಿಲೀನ್ ಕಯಾಕ್ ಕಲ್ಲಿನ ಮೇಲೆ ಉಜ್ಜಿದರೂ ಗೀರುಗಳೊಂದಿಗೆ ಬದುಕುತ್ತದೆ. ಅಲ್ಯೂಮಿನಿಯಂ ನಗ್ಗುತ್ತದೆ, ಸುಲಭಕ್ಕೆ ತೂತಾಗುವುದಿಲ್ಲ. ಫೈಬರ್‌ಗ್ಲಾಸ್ ದೋಣಿಯನ್ನು ಮಾತ್ರ ಎಳೆಯಬಾರದು, ಎತ್ತಬೇಕು. ರಬ್ಬರ್ ದೋಣಿಗೆ ಕಲ್ಲಿಗಿಂತ ಕಲ್ಲಿಗೆ ಅಂಟಿದ ಚೂಪು ಚಿಪ್ಪುಗಳೇ ಶತ್ರು. ತೇಲಿ ಬಂದ ನುಣುಪಾದ ಎರಡು ಮರದ ಕೊಂಬೆಗಳನ್ನು ಹಳಿಗಳಂತೆ ಹಾಸಿಕೊಂಡರೆ ಶ್ರಮ ಅರ್ಧಕ್ಕರ್ಧ ಇಳಿಯುತ್ತದೆ. ನೀರಿನ ಅಂಚಿನ ಕಪ್ಪು ಲೋಳೆಯ ಕಲ್ಲಿನ ಮೇಲೆ ಭಾರ ಹೊತ್ತು ಹೆಜ್ಜೆ ಇಡಬೇಡಿ. ಕಾಲು ಮುರಿದುಕೊಳ್ಳುವುದು ಅಲ್ಲೇ.

ಮೇಲೆ ತಂದ ದೋಣಿಯನ್ನೂ ಕಟ್ಟಲೇಬೇಕು. ಖಾಲಿ ಕಯಾಕನ್ನು ಗಾಳಿ ಒಣಗಿದ ಎಲೆಯ ಹಾಗೆ ಎತ್ತಿಕೊಂಡು ಹೋಗುತ್ತದೆ.

ಬಂಡೆಯ ಮಗ್ಗುಲಿಗೆ ಕಟ್ಟುವುದು

ಇದರ ಬಗ್ಗೆ ನನ್ನ ಅಭಿಪ್ರಾಯ ಈಗಾಗಲೇ ಗೊತ್ತಾಗಿದೆ. ಊಟದ ಹೊತ್ತಿಗೆ, ಸಾಮಾನು ಇಳಿಸಲಿಕ್ಕೆ, ಒಬ್ಬರು ದೋಣಿಯಲ್ಲೇ ಕೂತಿರುವಾಗ ಇದು ಅನುಕೂಲ. ರಾತ್ರಿಗೆ ನಾನು ಇದನ್ನು ಯಾರಿಗೂ ಸೂಚಿಸುವುದಿಲ್ಲ. ಗಾಳಿ ಇಲ್ಲದ ದಿನವೂ ದೂರದಲ್ಲಿ ಹಾದುಹೋದ ದೊಡ್ಡ ದೋಣಿಯ ಅಲೆಗಳು ಅದು ಕಣ್ಮರೆಯಾದ ಎಷ್ಟೋ ನಿಮಿಷಗಳ ನಂತರ ಬಂದು ಬಡಿಯುತ್ತವೆ. ಬೇರೆ ದಾರಿಯೇ ಇಲ್ಲದಿದ್ದರೆ ಗೋಡೆಯ ಕಡೆಯಿಂದ ದೋಣಿಯನ್ನು ಹೊರಕ್ಕೆ ಎಳೆದು ಹಿಡಿಯುವಂತೆ ನೀರಿನ ಕಡೆಗೆ ಒಂದು ಲಂಗರನ್ನಾದರೂ ಹಾಕಿ.

ಮೂತಿ ದಡಕ್ಕೆ, ಲಂಗರು ಹಿಂದಕ್ಕೆ

ಎತ್ತಲಾಗದ ದೋಣಿಗೆ, ನೀರಿನ ಏರಿಳಿತ ಒಂದು ಮೀಟರಿನೊಳಗಿರುವ ದಡದಲ್ಲಿ ನನ್ನ ಮೊದಲ ಆಯ್ಕೆ ಇದೇ. ದಡ ಇನ್ನೂ ದೂರವಿರುವಾಗಲೇ ದೋಣಿಯ ಹಿಂಬದಿಯಿಂದ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತ ನಿಧಾನವಾಗಿ ದಡದ ಕಡೆ ಸಾಗಬೇಕು. ಒಬ್ಬರು ಮೂತಿಯಿಂದ ಹಗ್ಗ ಹಿಡಿದು ಬಂಡೆಗೆ ಇಳಿಯಬೇಕು. ಸಾಮಾನೆಲ್ಲ ಇಳಿಸಿದ ಮೇಲೆ ಹಿಂದಿನ ಹಗ್ಗವನ್ನು ಬಿಗಿ ಮಾಡಿ ಮೂತಿಯನ್ನು ಬಂಡೆಯಿಂದ ಕನಿಷ್ಠ ಮೂರು ನಾಲ್ಕು ಮೀಟರ್ ದೂರಕ್ಕೆ ಸರಿಸಬೇಕು. ಎಷ್ಟೋ ಮಂದಿ ಈ ಕೊನೆಯ ಕೆಲಸವನ್ನು ಬಿಟ್ಟುಬಿಡುತ್ತಾರೆ. ಬೆಳಗ್ಗೆ ಹತ್ತಲು ಸುಲಭವಾಗಲಿ ಎಂದು ಮೂತಿಯನ್ನು ಕೈಗೆಟಕುವಷ್ಟು ಹತ್ತಿರ ಇಟ್ಟುಕೊಳ್ಳುವ ಆಸೆ ಸಹಜವೇ. ಆದರೆ ಬಿಗಿಯಾದ ನೈಲಾನ್ ಹಗ್ಗ ಹಿಗ್ಗುತ್ತದೆ, ಲಂಗರು ಒಂದು ಮೀಟರ್ ಜರುಗಿಯೇ ಕಚ್ಚಿಕೊಳ್ಳುತ್ತದೆ. ಅಷ್ಟು ಅಂತರ ಮೊದಲೇ ಕೈಯಲ್ಲಿರಬೇಕು.

ಮೂತಿಯಿಂದ ದಡಕ್ಕೆ ಒಂದೇ ಹಗ್ಗವಿದ್ದರೆ ದೋಣಿ ಅಡ್ಡಡ್ಡ ತೂಗುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಕವಲಾಗಿ ಎರಡು ಹಗ್ಗ ಕಟ್ಟಿದರೆ ಬದಿಗಾಳಿಗೂ ನಿಲ್ಲುತ್ತದೆ.

ಸ್ವೀಡನ್, ಫಿನ್ಲೆಂಡ್‌ಗಳ ಬಂಡೆದ್ವೀಪಗಳಲ್ಲಿ ಇದು ದಿನನಿತ್ಯದ ಪದ್ಧತಿ. ಅಲ್ಲಿನ ಬಾಲ್ಟಿಕ್ ನೀರಿಗೆ ಉಬ್ಬರವಿಲ್ಲದ್ದರಿಂದಲೇ ಅದು ಅಷ್ಟು ಚೆನ್ನಾಗಿ ನಡೆಯುತ್ತದೆ. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ದಡದ ಬಳಿಯೇ ನೀರು ತುಂಬ ಆಳ, ಉಬ್ಬರವೂ ದೊಡ್ಡದು; ಅಲ್ಲಿ ದೋಣಿಗಳು ಮೂತಿಯಿಂದ ಲಂಗರು ಬಿಟ್ಟು, ಹಿಂಬದಿಯಿಂದ ದಡಕ್ಕೆ ಉದ್ದನೆಯ ಹಗ್ಗ ಕಟ್ಟುತ್ತವೆ. ಅಲೆಯನ್ನು ಮೂತಿಯೇ ಎದುರಿಸುವುದರಿಂದ ದೊಡ್ಡ ದೋಣಿಗೆ ಇದು ಲೇಸು. ಹಿಂದೆ ಎಂಜಿನ್ ತೂಗುವ ಸಣ್ಣ ದೋಣಿಯಲ್ಲಿ ಪ್ರೊಪೆಲರನ್ನು ಕಲ್ಲಿನ ಕಡೆ ತಿರುಗಿಸಿ ಇಡುವುದು ನನಗೆ ಒಪ್ಪಿತವಲ್ಲ. ಆದರೆ ಹಿಂಬದಿಯ ಅಂಚು ತಗ್ಗಾಗಿದ್ದು, ಜಾಗ ತೆರೆದ ನೀರಿಗೆ ಮುಖ ಮಾಡಿದ್ದರೆ, ಅಲೆ ಹಿಂದಿನಿಂದ ಒಳಗೇ ಸುರಿಯುತ್ತದೆ. ಆಗ ಮೂತಿ ಹೊರಗೆ ಇರಲೇಬೇಕು, ದಡಕ್ಕೆ ಅಂತರವನ್ನು ಇಮ್ಮಡಿಗೊಳಿಸಬೇಕು. ಅದಕ್ಕಿಂತಲೂ ಒಳ್ಳೆಯದು ಬೇರೆ ಕೊಲ್ಲಿಯನ್ನು ಹುಡುಕುವುದು.

ರಾಟೆಯ ಹಗ್ಗ

ಬಟ್ಟೆ ಒಣಹಾಕುವ ತಂತಿಗೆ ರಾಟೆ ಹಾಕಿದಂತೆ ಇದರ ರಚನೆ. ದಡದಿಂದ ದೂರದಲ್ಲಿ ಭಾರವಾದ ಲಂಗರು, ಅದರ ಮೇಲೆ ತೇಲುವ ಬುಂಡೆ, ಬುಂಡೆಗೆ ಒಂದು ರಾಟೆ. ರಾಟೆಯ ಮೂಲಕ ಹಾದು ಬಂದ ಹಗ್ಗದ ಎರಡೂ ತುದಿಗಳನ್ನು ದಡದಲ್ಲಿ ಸೇರಿಸಿ ಕುಣಿಕೆ ಮಾಡಿ ಮರಕ್ಕೋ ಬಂಡೆಗೋ ಕಟ್ಟಬೇಕು. ದೋಣಿಯ ಮೂತಿಯನ್ನು ಆ ಕುಣಿಕೆಯ ಒಂದು ಮಗ್ಗುಲಿಗೆ ಬಿಗಿದು, ಇನ್ನೊಂದು ಮಗ್ಗುಲನ್ನು ಎಳೆದರೆ ದೋಣಿ ತಾನಾಗಿ ಆಳಕ್ಕೆ ಹೋಗುತ್ತದೆ. ಬೇಕೆಂದಾಗ ತಿರುಗಿ ಎಳೆದರೆ ದಡಕ್ಕೆ ಬರುತ್ತದೆ. ಯಾರೂ ನೀರಿಗಿಳಿಯಬೇಕಾಗಿಲ್ಲ.

ನೀರು ಬಹಳ ಏರಿಳಿಯುವ ದಡದಲ್ಲಿ, ಎತ್ತಲಾಗದ ದೋಣಿಗೆ ಇದನ್ನು ಮೀರಿಸಿದ್ದು ಇಲ್ಲ. ಇಳಿತದ ಅತ್ಯಂತ ಕೆಳಗಿನ ಹಂತದಲ್ಲೂ ಬುಂಡೆಯ ಸುತ್ತ ದೋಣಿ ತೇಲುವಷ್ಟು ನೀರಿರುವ ಜಾಗವನ್ನು ಆರಿಸಿದರೆ ಸಾಕು. ಬೆಲೆ ತೆರಬೇಕಾದದ್ದು ಹಗ್ಗದಲ್ಲಿ: ಬುಂಡೆ 30 ಮೀಟರ್ ದೂರದಲ್ಲಿದ್ದರೆ ಕುಣಿಕೆಗೇ 60 ಮೀಟರಿಗೂ ಹೆಚ್ಚು ಬೇಕು, ಉಬ್ಬರದಲ್ಲಿ ದಡ ಹಿಂದೆ ಸರಿಯುವ ದೂರ ಬೇರೆ. ಎರಡು ಮಗ್ಗುಲುಗಳು ಒಂದಕ್ಕೊಂದು ಸುತ್ತಿಕೊಂಡರೆ ಕತ್ತಲಲ್ಲಿ ಬಿಡಿಸುವುದು ಕಷ್ಟ. ದಡದಲ್ಲಿ ಆ ಎರಡನ್ನೂ ಒಂದೇ ಕಡೆ ಕಟ್ಟದೆ ಎರಡು ಮೀಟರ್ ಅಂತರದ ಎರಡು ಆಸರೆಗಳಿಗೆ ಕಟ್ಟಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಮೊದಲ ಸಲ ಇದನ್ನು ಹೂಡಲು ಒಂದು ಗಂಟೆ ಹಿಡಿಯಿತು, ಈಗ ಕಾಲು ಗಂಟೆ ಸಾಕು.

ಇದರ ಚಿಕ್ಕ ರೂಪವೆಂದರೆ ಒಳಗೆ ರಬ್ಬರಿರುವ ಹಿಗ್ಗುವ ಲಂಗರು ಹಗ್ಗ. ದಡಕ್ಕೆ ಬರುವಾಗ ಹಿಗ್ಗಿ, ಬಿಟ್ಟ ಕೂಡಲೇ ಕುಗ್ಗಿ ದೋಣಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಗಲಿನ ಇಳಿದು ಹತ್ತುವ ಕೆಲಸಕ್ಕೆ ಸೊಗಸು. ಆದರೆ ಹಿಗ್ಗಿದ ರಬ್ಬರ್ ಸದಾ ಲಂಗರನ್ನು ಎಳೆಯುತ್ತಲೇ ಇರುತ್ತದೆ, ಗಾಳಿಯ ಎಳೆತ ಅದರ ಮೇಲೆ ಸೇರುತ್ತದೆ. ಹಗುರ ದೋಣಿ, ಒಳ್ಳೆಯ ಹವೆ ಎರಡೂ ಇದ್ದರೆ ಮಾತ್ರ ರಾತ್ರಿಗೆ ಬಳಸಿ.

ದೂರದಲ್ಲಿ ಒಂದೇ ಲಂಗರಿನ ಮೇಲೆ ಬಿಡುವುದು

ದಡಕ್ಕೆ ಬರಲು ಇನ್ನೊಂದು ಪುಟ್ಟ ದೋಣಿ ಇರುವವರಿಗೆ ಇದು ಹಾಯಾದ ದಾರಿ. ಗಾಳಿ ಎತ್ತ ತಿರುಗಿದರೂ ದೋಣಿ ಮೂತಿಯನ್ನು ಅತ್ತ ತಿರುಗಿಸಿಕೊಂಡು ನಿಲ್ಲುತ್ತದೆ. ಆದರೆ ತಿರುಗಲು ಜಾಗ ಬೇಕು, ಬಂಡೆಯ ದಡದಲ್ಲಿ ಇಲ್ಲದಿರುವುದೇ ಅದು.

ಲೆಕ್ಕ ಹೀಗೆ. ನೀರಿನ ಆಳ 4 ಮೀಟರ್, ನೀರಿನ ಮಟ್ಟದಿಂದ ಮೂತಿಯ ಎತ್ತರ 1 ಮೀಟರ್ ಎಂದಿಟ್ಟುಕೊಳ್ಳಿ: ಒಟ್ಟು 5. ಹಗ್ಗದ ಲಂಗರಿಗೆ ಇದರ ಐದರಿಂದ ಏಳು ಪಟ್ಟು, ಅಂದರೆ 25ರಿಂದ 35 ಮೀಟರ್ ಬಿಡಬೇಕು. ಹಗ್ಗ ಉದ್ದವಾದಷ್ಟೂ ಎಳೆತ ನೆಲಕ್ಕೆ ಸಮಾಂತರವಾಗಿ ಲಂಗರು ಆಳಕ್ಕೆ ಕಚ್ಚುತ್ತದೆ. ಗಿಡ್ಡವಾದರೆ ಮೇಲಕ್ಕೆ ಎಳೆದು ಕಿತ್ತುಬಿಡುತ್ತದೆ. ರಾತ್ರಿ ನೀರು 3 ಮೀಟರ್ ಏರಿತೆನ್ನಿ. 5 ಇದ್ದದ್ದು 8 ಆಯಿತು, 25 ಮೀಟರ್ ಹಗ್ಗ ಈಗ ಮೂರು ಪಟ್ಟಿಗೆ ಇಳಿಯಿತು. ಸಂಜೆ ಭದ್ರವಾಗಿದ್ದ ಅದೇ ಲಂಗರು ನಡುರಾತ್ರಿ ದುರ್ಬಲ. ಆದ್ದರಿಂದ ಲೆಕ್ಕವನ್ನು ಉಬ್ಬರದ ಅತಿ ಎತ್ತರದ ನೀರಿಗೆ ಹಾಕಿ, ತಿರುಗುವ ವೃತ್ತವನ್ನು ಇಳಿತದ ಅತಿ ಕಡಿಮೆ ನೀರಿಗೆ ನೋಡಿ. 40 ಮೀಟರ್ ಹಗ್ಗ ಬಿಟ್ಟರೆ ಸುತ್ತಲೂ 40 ಮೀಟರ್ ಮತ್ತು ದೋಣಿಯ ಉದ್ದದಷ್ಟು ದೂರದಲ್ಲಿ ಒಂದೂ ಕಲ್ಲಿರಬಾರದು. ಇಕ್ಕಟ್ಟಾದ ಕೊಲ್ಲಿಗಳಲ್ಲಿ ಇಷ್ಟು ಜಾಗ ಸಿಗುವುದು ಅಪರೂಪ. ಹಾಗಾಗಿಯೇ ದಡಕ್ಕೊಂದು ಹಗ್ಗ ಕಟ್ಟಿ ದೋಣಿ ತಿರುಗದಂತೆ ಮಾಡುವ ಪದ್ಧತಿಗಳು ಹುಟ್ಟಿದ್ದು.

ಯಾವ ಲಂಗರು, ಯಾವ ಹಗ್ಗ

ತೆಳ್ಳಗಿನ ಎರಡು ಅಲಗುಗಳ ಡ್ಯಾನ್‌ಫೋರ್ತ್ ಲಂಗರು ಮರಳು ಮತ್ತು ಕೆಸರಿನಲ್ಲಿ ತನ್ನ ತೂಕಕ್ಕೆ ಮೀರಿ ಹಿಡಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ದಡಕ್ಕಿಳಿಸುವ ನೌಕೆಗಳು ಇದನ್ನು ಹಿಂಬದಿಯಿಂದ ಬಿಟ್ಟು, ಮರಳಿ ಹೋಗುವಾಗ ಅದರ ಹಗ್ಗ ಎಳೆದುಕೊಂಡೇ ದಡದಿಂದ ಬಿಡಿಸಿಕೊಳ್ಳುತ್ತಿದ್ದವು. ಮೇಲೆ ಹೇಳಿದ ಮೂರನೆಯ ವಿಧಾನದ ತತ್ವವೂ ಅದೇ. ಬಂಡೆಯ ತಳದಲ್ಲಿ ಮಾತ್ರ ಇದು ಜಾರುತ್ತದೆ, ಇಲ್ಲವೇ ಸಂದಿಯಲ್ಲಿ ಸಿಕ್ಕಿ ಅಲಗು ಬಾಗುತ್ತದೆ. ಮಡಿಸುವ ನಾಲ್ಕು ಕೊಕ್ಕೆಯ ಲಂಗರು ಕಲ್ಲಿನ ಸಂದಿಗೆ ಚೆನ್ನಾಗಿ ಸಿಕ್ಕುತ್ತದೆ, ಆದರೆ ಎಳೆತದ ದಿಕ್ಕು ಬದಲಾದ ಕೂಡಲೇ ಕಳಚಿಕೊಳ್ಳಬಹುದು. ಕಯಾಕಿಗೆ ಸಾಕು, ಭಾರದ ದೋಣಿಗೆ ಸಾಲದು. ಪಂಜದ ಆಕಾರದ್ದು ಕಲ್ಲು ಮರಳು ಬೆರೆತ ತಳಕ್ಕೆ ನನ್ನ ಮೆಚ್ಚಿನದು. ನೇಗಿಲಿನ ಆಕಾರದ್ದೂ ಹೆಚ್ಚಿನ ತಳಗಳಿಗೆ ಹೊಂದುತ್ತದೆ. ಯಾವುದೇ ಇರಲಿ, ಲಂಗರಿಗೂ ಹಗ್ಗಕ್ಕೂ ನಡುವೆ ಕನಿಷ್ಠ ದೋಣಿಯಷ್ಟು ಉದ್ದದ ಸರಪಳಿ ಇರಬೇಕು. ತಳದ ಕಲ್ಲುಗಳಿಗೆ ತಿಕ್ಕುವುದು ಸರಪಳಿಯಾಗಿರಲಿ, ಹಗ್ಗವಲ್ಲ.

ಕಲ್ಲಿನಲ್ಲಿ ಸಿಕ್ಕಿಬಿದ್ದ ಲಂಗರನ್ನು ಬಿಡಿಸಲು ಅದರ ಬುಡಕ್ಕೆ ತೆಳ್ಳನೆಯ ಇನ್ನೊಂದು ಹಗ್ಗ ಕಟ್ಟಿ ತುದಿಗೆ ಪುಟ್ಟ ಬುಂಡೆ ಬಿಡಿ. ಬೆಳಗ್ಗೆ ಅದನ್ನು ಮೇಲಕ್ಕೆಳೆದರೆ ಲಂಗರು ಹೋದ ದಾರಿಯಲ್ಲೇ ಹಿಂದೆ ಬರುತ್ತದೆ. ಸರಪಳಿಯನ್ನು ಬುಡಕ್ಕೆ ಜೋಡಿಸಿ, ಮೇಲಿನ ಉಂಗುರಕ್ಕೆ ಸಣ್ಣ ದಾರದಿಂದ ಬಿಗಿದು, ಜೋರಾಗಿ ಎಳೆದಾಗ ದಾರ ಹರಿಯುವಂತೆ ಮಾಡುವವರೂ ಇದ್ದಾರೆ. ಮೀನು ಹಿಡಿಯಲು ಅರ್ಧ ದಿನ ನಿಲ್ಲುವಾಗ ಅದು ಜಾಣ ಉಪಾಯ. ರಾತ್ರಿಯ ಗಾಳಿಗೆ ಆ ದಾರ ಹರಿದರೆ ಲಂಗರು ತಾನಾಗಿಯೇ ಬಿಟ್ಟುಕೊಡುತ್ತದೆ, ಆದ್ದರಿಂದ ಮಲಗುವ ಮುನ್ನ ಆ ಕಟ್ಟನ್ನು ಬದಲಾಯಿಸಿ.

ಲಂಗರಿಗೆ ನೈಲಾನ್ ಹಗ್ಗವೇ ಸರಿ, ಅದರ ಹಿಗ್ಗುವಿಕೆ ಅಲೆಯ ಜಗ್ಗಾಟವನ್ನು ನುಂಗುತ್ತದೆ. ದಡದ ಕಟ್ಟಿಗೆ ನಾನು ಪಾಲಿಯೆಸ್ಟರನ್ನು ಇಷ್ಟಪಡುತ್ತೇನೆ: ಕಡಿಮೆ ಹಿಗ್ಗುತ್ತದೆ, ಉಜ್ಜಾಟಕ್ಕೆ ಹೆಚ್ಚು ತಾಳುತ್ತದೆ. ಪಾಲಿಪ್ರೊಪಿಲೀನ್ ತೇಲುವುದರಿಂದ ತಳದ ಕಲ್ಲಿಗೆ ಸಿಕ್ಕುವುದಿಲ್ಲ, ರಾಟೆಯ ಕುಣಿಕೆಗೆ ಹೊಂದುತ್ತದೆ. ಬಿಸಿಲಿಗೆ ಬೇಗ ಜೀರ್ಣವಾಗುವುದರಿಂದ ಮುಟ್ಟಿದರೆ ಧೂಳಿನಂತೆ ನಾರು ಉದುರುವ ಹಗ್ಗವನ್ನು ಹೊರಗೆ ಹಾಕಿ. ಬಂಡೆಯ ಅಂಚಿಗೆ ಹಗ್ಗ ತಾಗುವಲ್ಲೆಲ್ಲ ಅದಕ್ಕೆ ಹಳೆಯ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತೊಡಿಸಿ, ಜರುಗದಂತೆ ಎರಡೂ ತುದಿಗೆ ದಾರ ಬಿಗಿಯಿರಿ. ಇಷ್ಟು ಮಾಡಿದ್ದರೆ ಆ ರಾತ್ರಿ ನನ್ನ ಹಗ್ಗದ ಎಳೆ ಕಡಿಯುತ್ತಿರಲಿಲ್ಲ.

ಕಟ್ಟಲು ಬಂಡೆಯನ್ನು ಆರಿಸುವಾಗ ಹಗ್ಗವನ್ನು ಬುಡಕ್ಕೆ ಸುತ್ತಿ, ನೀರು ಏರಿದಾಗ ಎಳೆತ ಮೇಲ್ಮುಖವಾದರೆ ಅದು ಜಾರಿ ಕಳಚುವುದೇ ಎಂದು ಕೈಯಿಂದ ಎಳೆದು ನೋಡಿ. ಮರವಾದರೆ ಜೀವಂತ ಮರ, ತೊಗಟೆ ಕೊರೆಯದಂತೆ ಅಗಲವಾದ ಪಟ್ಟಿ. ಕಲ್ಲಿನ ಬಿರುಕಿಗೆ ಕಬ್ಬಿಣದ ಮೊಳೆ ಹೊಡೆಯುವ ರೂಢಿ ಕೆಲವೆಡೆ ಇದೆ; ಎಷ್ಟೋ ಸಂರಕ್ಷಿತ ಪ್ರದೇಶಗಳಲ್ಲಿ ಅದು ನಿಷಿದ್ಧ, ಬಂಡೆಯೂ ಒಡೆಯುತ್ತದೆ. ಗಂಟಿಗೆ ಬೌಲೈನ್ ಕಲಿತುಕೊಳ್ಳಿ. ಎಷ್ಟು ಎಳೆದರೂ ಕುಣಿಕೆ ಬಿಗಿಯುವುದಿಲ್ಲ, ಬೆಳಗ್ಗೆ ಬೆರಳಿನಿಂದಲೇ ಬಿಚ್ಚಬಹುದು.

ಮಲಗುವ ಮುನ್ನ

ಡೇರೆ ದೋಣಿ ಕಾಣುವ ಕಡೆ ಇರಲಿ. ನೀರು, ಒಣ ಬಟ್ಟೆ, ಟಾರ್ಚ್, ಔಷಧ, ಫೋನ್ ಅಥವಾ ರೇಡಿಯೊ ಇವೆಲ್ಲ ದೋಣಿಯಲ್ಲಲ್ಲ, ದಡದಲ್ಲಿ ನಿಮ್ಮ ಜೊತೆಗಿರಲಿ. ಎಂಜಿನನ್ನು ಮೇಲಕ್ಕೆತ್ತಿ, ಹಿಂದಿನ ಲಂಗರು ಹಗ್ಗ ಅದಕ್ಕೆ ಸುತ್ತಿಕೊಳ್ಳದಂತೆ ಬದಿಗೆ ಸರಿಸಿ. ಮಳೆಯ ಸೂಚನೆ ಇದ್ದರೆ ಹೊದಿಕೆ ಹಾಕಿ. ಮಳೆನೀರು ತುಂಬಿದ ದೋಣಿ ಲಂಗರು ಎಷ್ಟು ಗಟ್ಟಿಯಾಗಿದ್ದರೂ ಮುಳುಗುತ್ತದೆ.

ಒಂದು ಮಾತನ್ನು ಜೊತೆಗಿರುವ ಎಲ್ಲರಿಗೂ ಬೆಳಕಿರುವಾಗಲೇ ಹೇಳಿಬಿಡಿ: ದೋಣಿ ಕಳಚಿಕೊಂಡು ತೇಲಿಹೋದರೆ ಯಾರೂ ಅದರ ಹಿಂದೆ ಈಜಬಾರದು. ಗಾಳಿಗೆ ಸಿಕ್ಕ ಖಾಲಿ ದೋಣಿ ನೀವು ಈಜುವುದಕ್ಕಿಂತ ವೇಗವಾಗಿ ಹೋಗುತ್ತದೆ. ತಣ್ಣನೆಯ ನೀರಿಗೆ ಬಿದ್ದ ಮೊದಲ ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ಹತ್ತು ನಿಮಿಷದ ಹೊತ್ತಿಗೆ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ದೋಣಿ ಕಳೆದುಕೊಂಡವರನ್ನು ಮರುದಿನ ಯಾರಾದರೂ ಬಂದು ಕರೆದೊಯ್ಯಬಹುದು.

ಕೊನೆಯದಾಗಿ ಡೇರೆಯ ಬಾಗಿಲಲ್ಲಿ ನಿಂತು ಎರಡು ಗುರುತುಗಳನ್ನು ಹಿಡಿಯಿರಿ: ಒಂದು ದೋಣಿಯ ಮೂತಿ, ಇನ್ನೊಂದು ಅದರ ನೇರಕ್ಕೆ ಹಿಂದೆ, ಎದುರು ದಡದಲ್ಲಿ ಕತ್ತಲಲ್ಲೂ ಗುರುತಾಗುವ ಒಂದು ಮರದ ತಲೆ ಅಥವಾ ಗುಡ್ಡದ ತುದಿ. ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ನಿಂತು ಮತ್ತೆ ನೋಡಿ. ದೋಣಿ ತುಸು ತೂಗಿ ಮರಳಿ ಅದೇ ನೇರಕ್ಕೆ ಬರುತ್ತಿದ್ದರೆ ಲಂಗರು ಕಚ್ಚಿದೆ. ಪ್ರತಿ ಸಲವೂ ಒಂದೇ ಕಡೆಗೆ ಇಷ್ಟಿಷ್ಟೇ ಸರಿಯುತ್ತಿದ್ದರೆ ಈಗಲೇ ಲೈಫ್ ಜಾಕೆಟ್ ತೊಟ್ಟು, ಹಗ್ಗ ಹಿಡಿದು ದೋಣಿಯನ್ನು ಎಳೆದು ತಂದು ಇನ್ನೊಮ್ಮೆ ಲಂಗರು ಹಾಕಿ.